ಒಂಬತ್ತು ತೆಗೆದರೆ ಒಂದು

ಅಪ್ಪನ ಬಲಗಣ್ಣಿನ ಪೊರೆ ತೆಗೆಸಿ ನಾಲ್ಕು ದಿನ ಆಗಿತ್ತು. ಮೂರು ವಾರ ಓದೋ ಹಾಗಿಲ್ಲ, ಟಿವಿ ನೋಡೋ ಹಾಗಿಲ್ಲ, ತಲೆ ಬಗ್ಗಿಸೋ ಹಾಗಿಲ್ಲ ಅಂತ ಹೇಳಿ ಕಳಿಸಿದ್ದರು. ಎಡಗಣ್ಣು ಮೊದಲಿಂದಲೂ ಅಷ್ಟಕ್ಕಷ್ಟೇ. ಮೂವತ್ತಾರು ವರ್ಷ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು. ದಿನಾ ಬೆಳಿಗ್ಗೆ ಟೆಂಡರ್ ಜಾಹೀರಾತನ್ನೂ ಬಿಡದೆ ಪೇಪರ್ ಓದುವವರು. ಈಗ ತಿಪಟೂರಿಂದ ನಮ್ಮ ಮನೆಗೆ ಬಂದು, ಕಪ್ಪು ಕನ್ನಡಕ ಹಾಕಿಕೊಂಡು, ಬಾಲ್ಕನಿಯಲ್ಲಿ ಸುಮ್ನೆ ಕೂತಿರುತ್ತಿದ್ದರು.

ಹಿಂದಿನ ರಾತ್ರಿ ಎರಡೂವರೆಗೆ ನನಗೆ ಆಫೀಸಿಂದ ಫೋನ್ ಬಂದಿತ್ತು. ಒಂದು ಸಿಸ್ಟಮ್‌ನಲ್ಲಿ ಹೊಸ ಎಂಟ್ರಿಗಳು ಹೋಗುತ್ತಿರಲಿಲ್ಲ. ಪ್ರತಿ ಎಂಟ್ರಿಗೂ ಒಂದೊಂದು ಕ್ರಮಸಂಖ್ಯೆ ಕೊಡುವ ಕಾಲಮ್ ತುಂಬಿಹೋಗಿತ್ತು. ವರ್ಷಗಟ್ಟಲೆ ಏರುತ್ತಾ ಬಂದ ಸಂಖ್ಯೆ ಒಂದು ಕಡೆ ಬಂದು ನಿಂತುಬಿಟ್ಟಿತ್ತು. ಸರಿ ಮಾಡಿ ಮಲಗುವಾಗ ಬೆಳಗಾಗಿತ್ತು. ಕಾಫಿ ಕೊಡುವಾಗ ಅಪ್ಪ ಕೇಳಿದರು.

"ರಾತ್ರಿಯೆಲ್ಲಾ ಏನೋ ಟಕಟಕ ಅಂತಿದ್ದೆಯಲ್ಲ, ಏನಾಗಿತ್ತು ಪುಟ್ಟಿ?"

"ಒಂದು ಸಂಖ್ಯೆ ಮುಗಿದುಹೋಯ್ತು ಅಪ್ಪ."

"ಸಂಖ್ಯೆ ಮುಗಿಯುತ್ತಾ? ಯಾವ ಸಂಖ್ಯೆ, ಹೇಳು."

ಹೇಳಿದೆ. ಎರಡು, ಒಂದು, ನಾಲ್ಕು, ಏಳು, ನಾಲ್ಕು, ಎಂಟು, ಮೂರು, ಆರು, ನಾಲ್ಕು, ಏಳು. ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು.

ನಾನು ಮುಗಿಸುವಷ್ಟರಲ್ಲಿ ಅಪ್ಪ, "ಒಂಬತ್ತು ತೆಗೆದರೆ ಒಂದು" ಅಂದರು. ಅದು ಅವರ ಹಳೇ ಚಾಳಿ. ಬಸ್ ಟಿಕೆಟ್ ಕಂಡರೂ, ಸ್ಕೂಟರ್ ನಂಬರ್ ಪ್ಲೇಟ್ ಕಂಡರೂ ಅಂಕಿಗಳನ್ನು ಕೂಡಿ ಒಂಬತ್ತು ಬಂದಾಗಲೆಲ್ಲಾ ಬಿಟ್ಟುಬಿಡುತ್ತಾರೆ. ಕೊನೆಗೆ ಉಳಿಯೋದು ಒಂಬತ್ತರಿಂದ ಭಾಗಿಸಿದಾಗ ಬರುವ ಶೇಷ. ಆಮೇಲೆ ಕಾಫಿ ಲೋಟ ಕೆಳಗಿಟ್ಟು, "ಬೆಸ ಸಂಖ್ಯೆ, ಮೂರರಿಂದ ಹೋಗಲ್ಲ, ಐದರಿಂದಲೂ ಇಲ್ಲ. ಅವಿಭಾಜ್ಯನಾ?" ಅಂತ ಕೇಳಿದರು.

"ಹೌದು ಅಪ್ಪ, ಅವಿಭಾಜ್ಯ."

"ನಿಂಗೆ ಹೇಗೆ ಗೊತ್ತು?"

"ನೆಟ್‌ನಲ್ಲಿದೆ."

"ಅದು ಗೊತ್ತಿರೋದಲ್ಲ, ಓದಿರೋದು" ಅಂದು ಮತ್ತೆ ರಸ್ತೆಯ ಕಡೆ ತಿರುಗಿದರು.

ಈ ಮಾತು ಚುಚ್ಚಿತು. ಮುಂದಿನ ಮೂರು ವಾರ ನಾವಿಬ್ಬರೂ ಮಾಡಿದ ಕೆಲಸಕ್ಕೆ ಅದೇ ಕಾರಣ.

ಮೊದಲು ಆ ಸಂಖ್ಯೆ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಒಂದು ಪೂರ್ಣಾಂಕಕ್ಕೆ 32 ಬಿಟ್ ಜಾಗ ಕೊಡುತ್ತಾರೆ. ಬಿಟ್ ಅಂದರೆ 0 ಅಥವಾ 1 ಕೂರುವ ಒಂದು ಮನೆ. ಅದರಲ್ಲಿ ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಅಂತ ಹೇಳೋದಕ್ಕೇ ಹೋಗುತ್ತದೆ. ಉಳಿದದ್ದು 31. ಅಷ್ಟರಲ್ಲೂ 1 ತುಂಬಿದರೆ 1 + 2 + 4 + 8 ಅಂತ ಮೂವತ್ತೊಂದು ಸಲ ದುಪ್ಪಟ್ಟು ಮಾಡುತ್ತಾ ಕೂಡಿದ ಹಾಗೆ. ಚದುರಂಗದ ಮಣೆಯ ಒಂದೊಂದು ಮನೆಗೂ ಹಿಂದಿನದರ ಎರಡರಷ್ಟು ಕಾಳು ಇಡುವ ಕತೆ ಗೊತ್ತಲ್ವಾ? ಮೂವತ್ತೊಂದನೇ ಮನೆ ತುಂಬಿದಾಗ ಮಣೆಯ ಮೇಲೆ ಇರುವ ಒಟ್ಟು ಕಾಳು ಇದೇ: 2147483647. ಅಂದರೆ 2³¹ − 1. ಹೀಗೆ ಗುಣಿಸುತ್ತಾ ಹೋಗುವ ಸರಣಿಯನ್ನು ಕೂಡುವ ಸೂತ್ರ ನೃಪತುಂಗನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲೇ ಇದೆ ಅಂತ ಅಪ್ಪ ನೆನಪಿಸಿದರು. ನೃಪತುಂಗನ ಹೆಸರು ಬಂದರೆ ಅಪ್ಪ ಬೇಗ ಬಿಡುವವರಲ್ಲ, ಅದನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಇದಕ್ಕೆ ಇನ್ನೊಂದು ಕೂಡಿದರೆ ಜಾಗ ಸಾಲದೆ ಸಂಖ್ಯೆ ಮಗುಚಿಕೊಂಡು −2147483648 ಆಗುತ್ತದೆ. 2014ರ ಕೊನೆಯಲ್ಲಿ ಗಂಗ್ನಮ್ ಸ್ಟೈಲ್ ವಿಡಿಯೋ ನೋಡಿದವರ ಲೆಕ್ಕ ಈ ಗಡಿ ದಾಟಿದಾಗ ಯೂಟ್ಯೂಬ್‌ನವರ ಕೌಂಟರಿಗೆ 64 ಬಿಟ್ ಬೇಕಾಯಿತು. ಹಳೇ ಕಂಪ್ಯೂಟರುಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಾ ಬಂದಿವೆ. ಅವುಗಳ ಎಣಿಕೆ ಈ ಸಂಖ್ಯೆ ಮುಟ್ಟುವುದು 2038ರ ಜನವರಿ 19, ಮಂಗಳವಾರ, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅಷ್ಟರೊಳಗೆ ಸರಿ ಮಾಡದ ಗಡಿಯಾರಗಳು ಮರುಕ್ಷಣ 1901ರ ಡಿಸೆಂಬರಿಗೆ ಹೋಗಿ ಕೂರುತ್ತವೆ. ಅಷ್ಟೊತ್ತಿಗೆ ನಾನು ಈ ಕೆಲಸದಲ್ಲಿ ಇರಬಾರದು ಅಂತ ಹರಕೆ ಹೊತ್ತಿದ್ದೇನೆ.

ಇದೆಲ್ಲಾ ಯಂತ್ರದ ಮಾತು. ಈ ಗಡಿ ಅವಿಭಾಜ್ಯ ಆಗಿರೋದು ಮಾತ್ರ ಪೂರಾ ಕಾಕತಾಳೀಯ. 16 ಬಿಟ್ ಆಗಿದ್ದರೆ ಗಡಿ 32767. ಅದು 7 × 31 × 151. 64 ಬಿಟ್ಟಿನ ಗಡಿ ಹತ್ತೊಂಬತ್ತು ಅಂಕಿಯದು, ಏಳರಿಂದಲೇ ಎರಡು ಸಲ ಭಾಗವಾಗುತ್ತದೆ. ಆದರೆ 8 ಬಿಟ್ಟಿನ 127 ಅವಿಭಾಜ್ಯ, 32 ಬಿಟ್ಟಿನದು ಅವಿಭಾಜ್ಯ, 128 ಬಿಟ್ಟಿನದೂ ಅವಿಭಾಜ್ಯ. ಎರಡರ ಮೇಲೆ ಕೂತಿರುವ ಸಂಖ್ಯೆ ನೋಡಿದರೆ ಗುಟ್ಟು ಅರ್ಧ ಗೊತ್ತಾಗುತ್ತದೆ. 15 ಅಂದರೆ 3 × 5. ಅದಕ್ಕೇ 2³ − 1, ಅಂದರೆ 7, ಮತ್ತು 2⁵ − 1, ಅಂದರೆ 31, ಎರಡೂ 32767ರ ಒಳಗೆ ಬಂದು ಕೂತಿವೆ. ಮೇಲಿನ ಸಂಖ್ಯೆ ಒಡೆದರೆ ಕೆಳಗಿನದೂ ಒಡೆಯುತ್ತದೆ. ಮೇಲಿನದು ಒಡೆಯದಿದ್ದರೆ? ಅಲ್ಲೇ ಇರೋದು ತೊಡಕು. 11 ಅವಿಭಾಜ್ಯ, ಆದರೆ 2¹¹ − 1 = 2047 = 23 × 89. 31 ಮೇಲೆ ಇದೆ ಅನ್ನೋದರಿಂದ ನಮಗೆ ಸಿಗೋದು ಆಸೆ ಮಾತ್ರ.

ಆ ಆಸೆಗೆ ಬಿದ್ದವರು ಬಹಳ ಜನ. ಇಟಲಿಯ ಕಟಾಲ್ಡಿ 1588ರಲ್ಲಿ ಎರಡರ ಮೇಲೆ 17 ಮತ್ತು 19 ಕೂತ ಸಂಖ್ಯೆಗಳು ಒಂದು ಕಳೆದರೆ ಅವಿಭಾಜ್ಯ ಕೊಡುತ್ತವೆ ಅಂತ ಭಾಗಾಕಾರ ಮಾಡಿಯೇ ತೋರಿಸಿದ. ಅದು ಸರಿ. ಆದರೆ ಅಷ್ಟಕ್ಕೆ ನಿಲ್ಲದೆ 23, 29, 31, 37 ಕೂಡ ಕೊಡುತ್ತವೆ ಅಂದ. 23 ಮತ್ತು 37ನ್ನು ಫರ್ಮಾ 1640ರಲ್ಲಿ ಒಡೆದು ಹಾಕಿದ. 29ನ್ನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಒಡೆದ. ಉಳಿದದ್ದು 31 ಒಂದೇ. ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲೂ 31 ಇತ್ತು. ಈ ಜಾತಿಯ ಅವಿಭಾಜ್ಯಗಳಿಗೆ ಇವತ್ತಿಗೂ ಅವನದೇ ಹೆಸರು. ಪಟ್ಟಿಯಲ್ಲಿ ಎರಡು ಸುಳ್ಳು ಸೇರಿದ್ದವು, ಮೂರು ನಿಜ ಬಿಟ್ಟುಹೋಗಿದ್ದವು ಅನ್ನೋದು ಬೇರೆ ಮಾತು.

31ರ ವಿಚಾರ ತೀರ್ಮಾನ ಮಾಡಿದ್ದೂ ಆಯ್ಲರನೇ. 1772ರಲ್ಲಿ, ಬರ್ಲಿನ್ನಿನಲ್ಲಿದ್ದ ಗಣಿತಜ್ಞ ಬರ್ನೂಲಿಗೆ ಬರೆದ ಪತ್ರದಲ್ಲಿ. ಆಗ ಆತ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ, ವಯಸ್ಸು ಅರವತ್ತೈದರ ಹತ್ತಿರ. ಬಲಗಣ್ಣಿನ ದೃಷ್ಟಿ ಹೋಗಿ ಎಷ್ಟೋ ವರ್ಷ ಆಗಿತ್ತು. ಎಡಗಣ್ಣಿಗೆ ಪೊರೆ ಬಂದು 1771ರಲ್ಲಿ ಆಪರೇಷನ್ ಮಾಡಿದರು. ಕೆಲವು ದಿನ ಕಂಡಿತಂತೆ. ಆಮೇಲೆ ಅದೂ ಹೋಯಿತು. ಹೇಳುತ್ತಾ ಹೋಗೋದು ಆಯ್ಲರ್, ಬರೆದುಕೊಳ್ಳೋದು ಸಹಾಯಕರು.

ಇದನ್ನು ಅಪ್ಪನಿಗೆ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗಿನ ಹಾಗೆ ಲೆನ್ಸ್ ಎಲ್ಲಿ ಇಡ್ತಿದ್ರು ಆಗ" ಅಂದರು. ಆಮೇಲೆ, "ಕಣ್ಣಿಲ್ಲದೆ ಅಷ್ಟು ದೊಡ್ಡದಕ್ಕೆ ಹೇಗೆ ಭಾಗಾಕಾರ ಹಾಕಿಸಿದ?"

ಅದೇ ನನ್ನ ಪ್ರಶ್ನೆಯೂ ಆಗಿತ್ತು. ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಇದರ ವರ್ಗಮೂಲ 46340ರ ಹತ್ತಿರ. ಅಷ್ಟರೊಳಗೆ ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಅಷ್ಟೂ ಭಾಗಾಕಾರ ಮಾಡುತ್ತಾ ಕೂತರೆ ಮನೆಯಲ್ಲಿ ಅಡುಗೆ ಆಗಲ್ಲ. ಆಯ್ಲರ್ ಮಾಡಿದ್ದು, ಯಾವ ಸಂಖ್ಯೆಗಳನ್ನು ಮುಟ್ಟೋದೇ ಬೇಡ ಅಂತ ಮೊದಲು ಕಂಡುಕೊಂಡಿದ್ದು.

ಇದನ್ನು ಅಪ್ಪನಿಗೆ ಹೇಳಿದ ಹಾಗೇ ಇಲ್ಲೂ ಹೇಳುತ್ತೇನೆ. ಸಣ್ಣ ಸಂಖ್ಯೆ ತಗೊಳ್ಳಿ. 23, ಅದು 2¹¹ − 1ನ್ನು ಭಾಗಿಸುತ್ತದೆ. ಒಂದರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಹೋಗಿ, 23 ದಾಟಿದಾಗಲೆಲ್ಲಾ 23 ಕಳೆಯಿರಿ. 1, 2, 4, 8, 16, 9, 18, 13, 3, 6, 12. ಮುಂದಿನದು 24, ಅಂದರೆ ಮತ್ತೆ 1. ಹನ್ನೊಂದು ಜನ ಕೈ ಹಿಡಿದು ನಿಂತ ಹಾಗೆ ಒಂದು ಸುತ್ತು ಆಯಿತು. ಆ ಸುತ್ತಿನಲ್ಲಿ ಸೇರದವರು ಯಾರು? 5. ಅಲ್ಲಿಂದ ಶುರು ಮಾಡಿ: 5, 10, 20, 17, 11, 22, 21, 19, 15, 7, 14. ಮುಂದೆ 28, ಅಂದರೆ ಮತ್ತೆ 5. ಇದೂ ಹನ್ನೊಂದು. ಇನ್ನು ಯಾರೂ ಉಳಿದಿಲ್ಲ. 1ರಿಂದ 22ರವರೆಗೆ ಎಲ್ಲರೂ ಹನ್ನೊಂದು ಹನ್ನೊಂದರ ಎರಡು ಸುತ್ತುಗಳಲ್ಲಿ ಸೇರಿಕೊಂಡರು. ಒಂದು ಸುತ್ತು ಚಿಕ್ಕದು, ಒಂದು ದೊಡ್ಡದು ಅಂತ ಆಗೋದೇ ಇಲ್ಲ.

ಈಗ ನಮ್ಮ ಸಂಖ್ಯೆಯನ್ನು ಯಾವುದೋ ಒಂದು ಅವಿಭಾಜ್ಯ ಭಾಗಿಸುತ್ತದೆ ಅಂದುಕೊಳ್ಳಿ. ಅದರಲ್ಲಿ ದುಪ್ಪಟ್ಟು ಮಾಡುತ್ತಾ ಹೋದರೆ ಸರಿಯಾಗಿ 31ನೇ ಹೆಜ್ಜೆಗೆ 1ಕ್ಕೆ ವಾಪಸ್ ಬರಬೇಕು. 31 ಒಡೆಯದ ಸಂಖ್ಯೆ ಆದ್ದರಿಂದ ಅದಕ್ಕಿಂತ ಚಿಕ್ಕ ಸುತ್ತು ಸಾಧ್ಯವಿಲ್ಲ. ಅಂದಮೇಲೆ ಆ ಅವಿಭಾಜ್ಯದಿಂದ ಒಂದು ಕಳೆದರೆ ಉಳಿಯೋದು 31ರ ಮಗ್ಗಿಯಲ್ಲಿರಲೇಬೇಕು. ಬೆಸ ಸಂಖ್ಯೆಯೂ ಆಗಿರಬೇಕಾದ್ದರಿಂದ 62ರ ಮಗ್ಗಿ. ಫರ್ಮಾ, ಆಯ್ಲರ್ ಹಿಂದೆ ಒಡೆದದ್ದೂ ಇದೇ ದಾರಿಯಲ್ಲಿ: 23ಕ್ಕೆ ಸಿಕ್ಕಿದ ಭಾಜಕ 47, 37ಕ್ಕೆ 223, 29ಕ್ಕೆ 233. ಎಲ್ಲದರಿಂದಲೂ ಒಂದು ಕಳೆದು ನೋಡಿ.

ಇನ್ನೊಂದು ಜರಡಿಯೂ ಇದೆ. ಆ ಭಾಜಕವನ್ನು ಎಂಟರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರಬೇಕು. ಇದರ ಕಾರಣ ಸ್ವಲ್ಪ ಉದ್ದ, ಬಿಡಿ. ಎರಡು ಜರಡಿಯನ್ನೂ ಒಟ್ಟಿಗೆ ಹಿಡಿದರೆ ಉಳಿಯೋದು 248ರ ಮಗ್ಗಿಗೆ 1 ಕೂಡಿದ ಸಂಖ್ಯೆಗಳು, ಇಲ್ಲಾ 63 ಕೂಡಿದವು. 46340ರ ಒಳಗೆ ಅಂಥವು 372 ಮಾತ್ರ. ಅವುಗಳಲ್ಲೂ ಒಡೆಯುವವನ್ನು ತೆಗೆದರೆ ಎಂಬತ್ತು ಚಿಲ್ಲರೆ.

"ಎಂಬತ್ತು ಚಿಲ್ಲರೆ ತಾನೇ?" ಅಂದರು ಅಪ್ಪ. "ದಿನಕ್ಕೆ ನಾಲ್ಕೈದು ಮಾಡಿದ್ರೆ ನನ್ನ ಕನ್ನಡಕ ತೆಗೆಯೋ ಹೊತ್ತಿಗೆ ಮುಗಿಯುತ್ತೆ. ಹೋಗು, ಒಂದು ನೋಟ್ ಬುಕ್ ತಗೊಂಡು ಬಾ."

ಹೀಗೆ ಶುರುವಾಯಿತು. ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಯಾವ ಯಾವ ಸಂಖ್ಯೆಯಿಂದ ಭಾಗಿಸಬೇಕು ಅನ್ನುವ ಪಟ್ಟಿಯನ್ನು ಲ್ಯಾಪ್‌ಟಾಪ್ ಕೊಟ್ಟಿತು. ಭಾಗಾಕಾರ ಮಾತ್ರ ಎಲ್ಲಾ ಕೈಯಿಂದಲೇ, ಚೌಕದ ಗೆರೆಯ ಪುಸ್ತಕದಲ್ಲಿ, ನೀಲಿ ಪೆನ್ನಿನಲ್ಲಿ. ಹೈಸ್ಕೂಲ್ ಬಿಟ್ಟಮೇಲೆ ಉದ್ದ ಭಾಗಾಕಾರ ಹಾಕಿಯೇ ಇರಲಿಲ್ಲ.

ಮೊದಲನೆಯದು 311. ಭಾಗಲಬ್ಧ 6905092, ಶೇಷ 35. ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಅಪ್ಪ ಕಣ್ಣು ಮುಚ್ಚಿಕೊಂಡೇ, "ಮುನ್ನೂರ ಹನ್ನೊಂದಕ್ಕೆ ಐದು. ಭಾಗಲಬ್ಧಕ್ಕೆ ನಾಲ್ಕು. ಐದು ನಾಕ್ಲಿ ಇಪ್ಪತ್ತು, ಅದಕ್ಕೆ ಎರಡು. ಶೇಷಕ್ಕೆ ಎಂಟು. ಎರಡೂ ಎಂಟೂ ಹತ್ತು, ಒಂದು. ತಾಳೆ ಆಯ್ತು, ಮುಂದೆ" ಅಂದರು. ದೊಡ್ಡ ಸಂಖ್ಯೆಗೆ ಒಂಬತ್ತು ತೆಗೆದರೆ ಒಂದು ಅಂತ ಅವರಿಗೆ ಮೊದಲ ದಿನವೇ ಗೊತ್ತಿತ್ತಲ್ಲ. ಪ್ರತಿ ಭಾಗಾಕಾರವೂ ಕೊನೆಗೆ ಆ ಒಂದಕ್ಕೇ ಬಂದು ನಿಲ್ಲಬೇಕು.

ಎರಡನೆಯದು 1303, ಶೇಷ 226. ತಾಳೆ. ಮೂರನೆಯದು 1489. ಭಾಗಲಬ್ಧ 1442232, ಶೇಷ 189 ಅಂತ ಓದಿದೆ.

"ಆಗಲ್ಲ" ಅಂದರು ಅಪ್ಪ.

"ಯಾಕೆ?"

"ಭಾಗಲಬ್ಧ ಕೂಡಿದ್ರೆ ಹದಿನೆಂಟು. ಅಂದ್ರೆ ಸೊನ್ನೆ. ಯಾವುದರಿಂದ ಗುಣಿಸಿದ್ರೂ ಸೊನ್ನೆನೇ. ಹಾಗಾದ್ರೆ ಶೇಷ ಒಂದೇ ಒಂದನ್ನ ಕೊಡಬೇಕು. ನಿಂದು ನೂರ ಎಂಬತ್ತೊಂಬತ್ತು, ಅದೂ ಸೊನ್ನೆ. ಕಳೆಯೋದ್ರಲ್ಲಿ ದಶಕ ತಗೊಂಡಿದೀಯ, ವಾಪಸ್ ನೋಡು."

ನೋಡಿದೆ. 199. ನಾನು ಎಂಜಿನಿಯರಿಂಗ್ ಓದಿದವಳು, ಸಂಬಳ ತಗೊಳ್ಳೋದು ಲೆಕ್ಕದ ಯಂತ್ರಕ್ಕೆ ಪಾಠ ಹೇಳೋದಕ್ಕೆ.

ಇಂಥ ತಪ್ಪು ಮೂರು ವಾರದಲ್ಲಿ ಆರು ಸಿಕ್ಕವು. ಅವುಗಳನ್ನು ತಿದ್ದುತ್ತಾ ಹೋದಾಗ ಒಂದು ವಿಚಾರ ನನ್ನನ್ನು ಕಾಡತೊಡಗಿತು. ಈ ಕೆಲಸದಲ್ಲಿ ನಾವು ಹುಡುಕುತ್ತಿರೋದು ಸೊನ್ನೆ. ಆದರೆ ಸಿಗಬಾರದು ಅಂತ ಬಯಸುತ್ತಿರೋದೂ ಸೊನ್ನೆಯೇ. ಶೇಷ 199 ಇರಲಿ, 189 ಇರಲಿ, ಎರಡೂ ಸೊನ್ನೆ ಅಲ್ಲ. ತಪ್ಪಾದ ಶೇಷವೂ ಸರಿಯಾದ ಶೇಷದ ಹಾಗೇ ಸಭ್ಯವಾಗಿ ಪುಟದ ಕೊನೆಯಲ್ಲಿ ಕೂತಿರುತ್ತದೆ. ಎಂಬತ್ತು ಪುಟದಲ್ಲಿ ಒಂದು ಕಡೆ ನಿಜವಾದ ಸೊನ್ನೆಯನ್ನು ನಾನು ಹಾಳು ಮಾಡಿದ್ದರೂ ಮಿಕ್ಕ ಯಾವ ಪುಟವೂ ಅದನ್ನು ಹೇಳಿಕೊಡಲ್ಲ.

ಒಡೆಯುವ ಸಂಖ್ಯೆಗಾದರೆ ಈ ಕಷ್ಟ ಇಲ್ಲ. ಇದೇ ಆಯ್ಲರ್ ಇಪ್ಪತ್ತೈದರ ಯುವಕನಾಗಿದ್ದಾಗ 2³² + 1 ಒಡೆಯುತ್ತದೆ ಅಂತ ತೋರಿಸಿದ್ದ. 641 × 6700417. ಅನುಮಾನ ಇದ್ದವರು ಒಂದು ಗುಣಾಕಾರ ಹಾಕಿದರೆ ಮುಗಿಯಿತು, ರಸೀದಿ ಕೈಯಲ್ಲೇ ಇದೆ. ಅವಿಭಾಜ್ಯಕ್ಕೆ ಅಂಥ ರಸೀದಿ ಎಲ್ಲಿ? "ಮನೆಯಲ್ಲಿ ಹಾವಿದೆ" ಅನ್ನೋರು ಹಾವು ತೋರಿಸಿದರೆ ಸಾಕು. ಇಲ್ಲ ಅನ್ನೋರು ಪ್ರತಿ ಮೂಲೆಯನ್ನೂ ಗುಡಿಸಿ ತೋರಿಸಬೇಕು.

ನೂರು ವರ್ಷ ಬಿಟ್ಟು ಫ್ರಾನ್ಸಿನ ಎದ್ವಾರ್ ಲ್ಯೂಕಾ ಅಂಥದ್ದೊಂದು ರಸೀದಿ ಕಂಡುಹಿಡಿದ. ಆಮೇಲೆ ಅಮೆರಿಕದ ಡಿ. ಎಚ್. ಲೇಮರ್ 1930ರ ದಶಕದಲ್ಲಿ ಅದನ್ನು ಇನ್ನಷ್ಟು ಸರಳ ಮಾಡಿದ. ಭಾಗಾಕಾರದ ಪಟ್ಟಿಯೇ ಬೇಡ. 4ರಿಂದ ಶುರು ಮಾಡಿ. ವರ್ಗ ಮಾಡಿ, ಎರಡು ಕಳೆಯಿರಿ, ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಮೇಲೆ ಕೂತಿರುವ ಸಂಖ್ಯೆಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ.

31ಕ್ಕೇ ಮಾಡಿ ನೋಡಿ, ಅದು 2⁵ − 1, ಮೂರು ಹೆಜ್ಜೆ ಸಾಕು. 4. ವರ್ಗ ಹದಿನಾರು, ಎರಡು ಕಳೆದರೆ 14. ಮತ್ತೆ ವರ್ಗ 196, ಕಳೆದರೆ 194, ಮೂವತ್ತೊಂದು ಆರಲಿ ನೂರ ಎಂಬತ್ತಾರು ತೆಗೆದರೆ 8. ಅದರ ವರ್ಗ 64, ಎರಡು ಕಳೆದರೆ 62. ಮೂವತ್ತೊಂದು ಎರಡ್ಲಿ ಅರವತ್ತೆರಡು. ಸೊನ್ನೆ! 2047ಕ್ಕೆ ಮಾಡಿದರೆ ಒಂಬತ್ತು ಹೆಜ್ಜೆ ಆದಮೇಲೆ 1736 ಉಳಿಯುತ್ತದೆ. ಫೇಲು. ಯಾರು ಅದನ್ನು ಒಡೆಯುತ್ತಾರೆ ಅಂತ ಮಾತ್ರ ಗೊತ್ತಾಗಲ್ಲ.

ಇದರಲ್ಲಿ ನನಗೆ ಹಿಡಿಸಿದ್ದು ಏನು ಗೊತ್ತಾ? ಇಲ್ಲಿ ಬಯಸೋದು ಸೊನ್ನೆಯನ್ನೇ. ನಡುವೆ ಎಲ್ಲೋ ಒಂದು ಕಡೆ ದಶಕ ಮರೆತರೆ ಆ ತಪ್ಪು ಮುಂದಿನ ವರ್ಗದಲ್ಲಿ ಹಿಗ್ಗಿ, ಅದರ ಮುಂದಿನದರಲ್ಲಿ ಇನ್ನೂ ಹಿಗ್ಗಿ, ಕೊನೆಗೆ ಏನೋ ಒಂದು ಕಸದ ಸಂಖ್ಯೆ ಬರುತ್ತದೆ. ಇಷ್ಟು ದೊಡ್ಡ ಸಂಖ್ಯೆಗಳಲ್ಲಿ ತಪ್ಪು ಲೆಕ್ಕ ಆಕಸ್ಮಿಕವಾಗಿ ಸೊನ್ನೆಗೆ ಬಂದು ನಿಲ್ಲೋದು ಕಷ್ಟ. ಹಾಗಾಗಿ ಸೊನ್ನೆ ಬಂತು ಅಂದರೆ ಲೆಕ್ಕವೂ ಸರಿ ಅನ್ನೋದಕ್ಕೆ ಅದೇ ಅರ್ಧ ಸಾಕ್ಷಿ. ಆಯ್ಲರನ ದಾರಿಯಲ್ಲಿ ತಪ್ಪು ಅಡಗಿ ಕೂರುತ್ತದೆ. ಲ್ಯೂಕಾನ ದಾರಿಯಲ್ಲಿ ಅವಿಭಾಜ್ಯ ಸಿಕ್ಕಾಗ ತಪ್ಪಿಗೆ ಅಡಗಲು ಜಾಗ ಇಲ್ಲ. ಸಿಗದೇ ಇದ್ದಾಗ ಮಾತ್ರ ಅನುಮಾನ ಉಳಿಯುತ್ತದೆ: ನಿಜವಾಗಿ ಇಲ್ಲವೋ, ನಾನು ತಪ್ಪಿದೆನೋ?

ಲ್ಯೂಕಾ ಇದೇ ದಾರಿಯಲ್ಲಿ 1876ರಲ್ಲಿ 2¹²⁷ − 1 ಅವಿಭಾಜ್ಯ ಅಂದ. ಮೂವತ್ತೊಂಬತ್ತು ಅಂಕಿ: 170141183460469231731687303715884105727. 1951ರವರೆಗೆ ಅದಕ್ಕಿಂತ ದೊಡ್ಡದು ಯಾರಿಗೂ ಸಿಗಲಿಲ್ಲ. ಅದೇ ವರ್ಷ 2⁶⁷ − 1 ಒಡೆಯುತ್ತದೆ ಅಂತಲೂ ಹೇಳಿದ್ದ, ಒಡೆದು ತೋರಿಸಲು ಮಾತ್ರ ಆಗಿರಲಿಲ್ಲ. 1903ರಲ್ಲಿ ಅಮೆರಿಕದ ಕೋಲ್ ಅದರ ಎರಡು ತುಂಡುಗಳನ್ನು ಕೊಟ್ಟ: 193707721 ಮತ್ತು 761838257287. ಇಪ್ಪತ್ತೇಳು ವರ್ಷ ಜಗತ್ತಿಗೆ ಅದು ಒಡೆಯುತ್ತದೆ ಅಂತ ಗೊತ್ತಿತ್ತು, ಹೇಗೆ ಅಂತ ಗೊತ್ತಿರಲಿಲ್ಲ. ಈ ಸಂಗತಿ ಅಪ್ಪನಿಗೆ ಸರಿ ಬರಲಿಲ್ಲ. "ಕಳ್ಳತನ ಆಗಿದೆ ಅಂತ ಗೊತ್ತು, ಕಳ್ಳ ಯಾರು ಗೊತ್ತಿಲ್ಲ ಅಂದ್ಹಾಗಾಯ್ತು" ಅಂದರು.

ಈಗ ಎಲ್ಲಾ ಕಂಪ್ಯೂಟರಿನ ಕಾಲ. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಅನ್ನುವವರು ಕಂಡುಹಿಡಿದದ್ದು 2ರ 136279841ನೇ ಘಾತದಿಂದ ಒಂದು ಕಳೆದ ಸಂಖ್ಯೆ. ಅದರಲ್ಲಿರೋದು 4,10,24,320 ಅಂಕಿ. ಮರ್ಸೆನ್ ಜಾತಿಯಲ್ಲಿ ಗೊತ್ತಿರುವ ಐವತ್ತೆರಡನೆಯದು. ನಮ್ಮ ಸಂಖ್ಯೆ ಅದೇ ಸಾಲಿನಲ್ಲಿ ಎಂಟನೆಯದು. ಯಂತ್ರಗಳೂ ತಪ್ಪು ಮಾಡುತ್ತವೆ, ಮೆಮೊರಿಯಲ್ಲಿ ಒಂದು ಬಿಟ್ ಮಗುಚಿದರೆ ಸಾಕು. ಹಾಗಾಗಿ ಈ ಹುಡುಕಾಟದವರೂ ಮರುಪರೀಕ್ಷೆ, ತಾಳೆ ಅಂತ ಒದ್ದಾಡುತ್ತಲೇ ಇರುತ್ತಾರೆ. ಇದನ್ನು ಕೇಳಿ ಅಪ್ಪನಿಗೆ ಬಹಳ ಸಮಾಧಾನ ಆಯಿತು.

ನಡುವೆ ಒಂದು ದಿನ ನಮ್ಮ ಮನೆಯ ಅಡುಗೆಗೆ ಬರುವ ಅಕ್ಕ, "ಏನಕ್ಕಾ, ತಂದೆ ಮಗಳು ದಿನಾ ಮಗ್ಗಿ ಹೇಳ್ತೀರ, ಇದರಿಂದ ಏನು ಬರುತ್ತೆ?" ಅಂದಳು. ಅವಳಿಗಿಂತ ಇನ್ನೂರು ವರ್ಷ ಮುಂಚೆ ಇಂಗ್ಲೆಂಡಿನ ಪೀಟರ್ ಬಾರ್ಲೋ ಅದನ್ನೇ ಕೇಳಿದ್ದ. ಈ ಸಂಖ್ಯೆಗೆ 2³⁰ ಗುಣಿಸಿದರೆ 2305843008139952128 ಬರುತ್ತದೆ. ಅದು ಪರಿಪೂರ್ಣ ಸಂಖ್ಯೆ. ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲಾ ಕೂಡಿದರೆ ಅದೇ ಬರುತ್ತದೆ, 6 = 1 + 2 + 3 ಇದ್ದ ಹಾಗೆ. 1811ರ ತನ್ನ ಪುಸ್ತಕದಲ್ಲಿ ಬಾರ್ಲೋ ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಇನ್ನು ಮುಂದೆ ಯಾರಿಗೂ ಸಿಗಲಾರದು ಅಂತ ಬರೆದ. ಇವು ಬರೀ ಕುತೂಹಲದ ವಸ್ತುಗಳು, ಉಪಯೋಗ ಇಲ್ಲ, ಯಾರು ತಾನೇ ಹುಡುಕುತ್ತಾರೆ ಅನ್ನೋದು ಅವನ ವಾದ. ಅಡುಗೆಯ ಅಕ್ಕನಿಗೆ ನಾನು ಏನೂ ಹೇಳಲಿಲ್ಲ. ಹುಳಿಗೆ ಉಪ್ಪು ಜಾಸ್ತಿ ಆಗಿತ್ತು, ಅದನ್ನೂ ಹೇಳಲಿಲ್ಲ.

ಉಪಯೋಗ ಬೇಕೆಂದರೆ ಒಂದು ಇದೆ, ನನ್ನ ಕೆಲಸದಲ್ಲೇ. ಕಂಪ್ಯೂಟರಿಗೆ ದಾಳ ಹಾಕೋದು ಬರಲ್ಲ. ದಾಳ ಹಾಕಿದ ಹಾಗೆ ನಟಿಸುವ ಲೆಕ್ಕ ಮಾತ್ರ ಬರುತ್ತದೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಅನ್ನುವ ಇಬ್ಬರು ಶಿಫಾರಸು ಮಾಡಿದ ಲೆಕ್ಕ ಬಹಳ ಸರಳ: ಕೈಯಲ್ಲಿರುವ ಸಂಖ್ಯೆಯನ್ನು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳಿ. 1ರಿಂದ ಶುರು ಮಾಡಿದರೆ 16807, 282475249, 1622650073, 984943658, ಹೀಗೆ. ನೋಡಿದರೆ ಗೊತ್ತುಗುರಿ ಇಲ್ಲದ ಹಾಗಿದೆ. ಆದರೆ 1ರಿಂದ 2147483646ರವರೆಗೆ ಪ್ರತಿಯೊಂದನ್ನೂ ಒಂದೊಂದೇ ಸಲ ಮುಟ್ಟಿ, ಆಮೇಲೆ ವಾಪಸ್ 1ಕ್ಕೆ ಬರುತ್ತದೆ. 23ರಲ್ಲಿ ಎರಡರ ಸುತ್ತು ಅರ್ಧದಾರಿಯಲ್ಲೇ ಮುಗಿದಿತ್ತಲ್ಲ, ಇಲ್ಲಿ ಒಂದೇ ಸುತ್ತು, ಯಾರೂ ಹೊರಗಿಲ್ಲ. ಇದು ಆಗೋದು ಸಂಖ್ಯೆ ಅವಿಭಾಜ್ಯ ಆಗಿರೋದರಿಂದ. 16807 ಅಂದರೆ 7ರ ಐದನೇ ಘಾತ. ಬರೀ 7 ಹಿಡಿದರೂ ಪೂರ್ತಿ ಸುತ್ತು ಬರುತ್ತದೆ. ಐದನೇ ಘಾತ ಹಿಡಿದರೂ ಕೆಡಲ್ಲ, ಯಾಕೆಂದರೆ 2147483646ರ ಅವಿಭಾಜ್ಯ ಅಪವರ್ತನಗಳು 2, 3, 7, 11, 31, 151, 331. ಅದರಲ್ಲಿ 5 ಇಲ್ಲ.

ಭಾಗಾಕಾರವೂ ಇಲ್ಲಿ ಸುಲಭ. ಸಂಖ್ಯೆಯನ್ನು 31 ಬಿಟ್ಟಿನ ತುಂಡು ಮಾಡಿ, ತುಂಡುಗಳನ್ನು ಕೂಡಿದರೆ ಆಯಿತು. ಈ ಸಾಲನ್ನು ಕೋಡಿನಲ್ಲಿ ನೂರು ಸಲ ನೋಡಿದ್ದೆ. ಅಪ್ಪನ ಎದುರು ಕೂತಾಗಲೇ ಹೊಳೆದದ್ದು. ಹತ್ತಕ್ಕಿಂತ ಒಂದು ಕಡಿಮೆ ಒಂಬತ್ತು, ಅದಕ್ಕೇ ಅಂಕಿ ಕೂಡಿದರೆ ಒಂಬತ್ತರ ಶೇಷ ಬರುತ್ತದೆ. 2³¹ಕ್ಕಿಂತ ಒಂದು ಕಡಿಮೆ ನಮ್ಮ ಸಂಖ್ಯೆ. ಯಂತ್ರ ಅಲ್ಲಿ ಮಾಡೋದೂ ಒಂಬತ್ತು ತೆಗೆಯೋದೇ. ಅಪ್ಪನಿಗೆ ಇದನ್ನು ಹೇಳಿದಾಗ, "ಮತ್ತೆ? ಅದರಲ್ಲೇನು ಹೊಸದು" ಅಂದರು. ಆದರೆ ಆವತ್ತು ಸಂಜೆ ತಿಪಟೂರಿಗೆ ಫೋನ್ ಮಾಡಿ ಚಿಕ್ಕಪ್ಪನಿಗೆ ಇದನ್ನೇ ಹದಿನೈದು ನಿಮಿಷ ವಿವರಿಸಿದರು.

ಕೊನೆಯ ಭಾಗಾಕಾರ 45943. ಆ ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ಭಾಗಲಬ್ಧ 46742 ಬಂತು. ಶೇಷ ಓದಿದೆ. ಅಪ್ಪ ತಾಳೆ ಹಾಕಿದರು. "ಏಳು, ಐದು, ಮೂವತ್ತೈದಕ್ಕೆ ಎಂಟು. ಶೇಷಕ್ಕೆ ಎರಡು. ಹತ್ತು, ಒಂದು. ಆಯ್ತು." ರಾತ್ರಿ ಒಂಬತ್ತೂಕಾಲು. ಇಬ್ಬರೂ ಏನೂ ಮಾತಾಡಲಿಲ್ಲ. ನಾನು ಪುಸ್ತಕ ಮುಚ್ಚಿ ಹಾಲು ಕಾಯಿಸಲು ಹೋದೆ. ಅಪ್ಪ ಹಿಂದಿನಿಂದ, "ಒಂಬತ್ತಕ್ಕೆ ಅದಲು ಬದಲು ಕಾಣಲ್ಲ ಕಣೇ. ಅದಕ್ಕೆ ಹನ್ನೊಂದು ಹಾಕಬೇಕು. ಹನ್ನೊಂದು ಹಾಕೋಕೆ ಅಂಕಿ ಕಣ್ಣ ಮುಂದೆ ಇರಬೇಕು" ಅಂದರು. ಮುಗಿದ ಖುಷಿಯಲ್ಲಿ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡು ದಿನ ಬಿಟ್ಟು ಚೆಕಪ್ ಆಯಿತು. ಓದಬಹುದು ಅಂದರು. ಮನೆಗೆ ಬಂದವರು ಪೇಪರ್ ಕೇಳುತ್ತಾರೆ ಅಂದುಕೊಂಡೆ. ನೋಟ್ ಬುಕ್ ಕೇಳಿದರು. ಬಾಲ್ಕನಿಯಲ್ಲಿ ಕೂತು ಹಿಂದಿನ ಪುಟದಿಂದ ಶುರು ಮಾಡಿದರು. ಹಾಗೇ ನೋಡುವುದು ಅವರ ಅಭ್ಯಾಸ, ಮಕ್ಕಳು ಕೊನೆಯಲ್ಲೇ ಅವಸರ ಮಾಡೋದು ಅಂತ. ಬಲಗಡೆಯಿಂದ ಒಂದು ಅಂಕಿ ಕೂಡುತ್ತಾ, ಒಂದು ಕಳೆಯುತ್ತಾ, ತುಟಿ ಅಲ್ಲಾಡಿಸುತ್ತಿದ್ದರು. ದೊಡ್ಡ ಸಂಖ್ಯೆಗೆ ಹನ್ನೊಂದರಲ್ಲೂ ಒಂದೇ ಬರುತ್ತದೆ. 45943ಕ್ಕೆ ಏಳು. 46742ಕ್ಕೆ ಮೂರು. ಏಳು ಮೂರ್ಲಿ ಇಪ್ಪತ್ತೊಂದು, ಹನ್ನೊಂದು ತೆಗೆದರೆ ಹತ್ತು. ಶೇಷ ಎರಡು ಕೊಡಬೇಕು. ನಾನು ಬರೆದಿದ್ದದ್ದು 15491. ಅದು ಮೂರು ಕೊಡುತ್ತದೆ.

"ಪುಟ್ಟೀ" ಅಂದರು. ತಲೆ ಎತ್ತಲಿಲ್ಲ. "ಹದಿನೈದು ಸಾವಿರದ ಒಂಬೈನೂರ ನಲವತ್ತೊಂದು ಇರಬೇಕು. ನಾಕೂ ಒಂಬತ್ತೂ ಅದಲು ಬದಲಾಗಿದೆ. ಆ ಕೆಂಪು ಪೆನ್ನು ಕೊಡು ಇಲ್ಲಿ. ಇನ್ನೂ ಎಂಬತ್ತು ಪುಟ ಇದೆ."